ರಕ್ತಪರೀಕ್ಷೆಯೂ ಅತ್ತೆಯ ಪ್ರಸಾದವೂ

ನಮ್ಮ ಅತ್ತೆ ಪ್ರಸಾದ ಕೇಳದೆ ಹಲಸಿನ ಮರಕ್ಕೂ ಕೊಡಲಿ ಹಾಕಿಸಿದವರಲ್ಲ. ಪ್ರಸಾದವೆಂದರೆ ದೇವರ ಅಪ್ಪಣೆ: ಹೊಸನಗರದ ನಮ್ಮ ಕೇರಿಯ ದೇವಸ್ಥಾನದಲ್ಲಿ ದೇವರ ಮೇಲಿಟ್ಟ ಹೂವು ಬಲಕ್ಕೆ ಬಿದ್ದರೆ ಆಯಿತು, ಎಡಕ್ಕೆ ಬಿದ್ದರೆ ಬೇಡ. ತಮಗೆ ಬೇಕಾದ ಕೆಲಸಕ್ಕೆ ಎಡಕ್ಕೆ ಬಿದ್ದರೆ ಮಾತ್ರ, "ಭಟ್ರೇ, ನಾವು ಕೇಳಿದ್ದೇ ಸರಿಯಿಲ್ಲ, ಇನ್ನೊಂದ್ಸಲ ಕೇಳಿ" ಎನ್ನುತ್ತಾರೆ. ದೇವರು ಸುಸ್ತಾಗಿ ಒಪ್ಪುವವರೆಗೆ ಬಿಡುವುದಿಲ್ಲ.

ನನಗೆ ಮಲ್ಟಿಪಲ್ ಸ್ಕ್ಲೆರೋಸಿಸ್. ಮೈಯನ್ನು ಕಾಯಬೇಕಾದ ಪಡೆಯೇ ನರಗಳ ಹೊದಿಕೆಯನ್ನು ಕಿತ್ತುಹಾಕುವ ಕಾಯಿಲೆ. ಬಲಗಾಲು ಆಗಾಗ ಜೋಮು ಹಿಡಿಯುತ್ತದೆ. ಹೊಲಿಗೆ ಮೆಷಿನ್ ತುಳಿದು ಬದುಕುವವಳಿಗೆ ಕಾಲೇ ಬಂಡವಾಳ. ಶಿವಮೊಗ್ಗದ ಡಾಕ್ಟರು ಹೊಸದೊಂದು ರಕ್ತಪರೀಕ್ಷೆ ಬರೆದರು. ನರ ಹಾಳಾದಾಗ ಅದರ ಪ್ರೋಟೀನಿನ ಚೂರು ರಕ್ತಕ್ಕೆ ಸೇರುತ್ತದಂತೆ. ಅದು ಹೆಚ್ಚಿದ್ದರೆ ಕಾಯಿಲೆ ಒಳಗೊಳಗೇ ಮುಂದುವರಿಯುತ್ತಿರಬಹುದು.

ಸಾಗರದ ಲ್ಯಾಬಿನಲ್ಲಿ ರಕ್ತ ಕೊಟ್ಟೆ. ಹೆಚ್ಚು ಬಂತು. ಶಿವಮೊಗ್ಗಕ್ಕೆ ತೋರಿಸಲು ಹೋದಾಗ ಅತ್ತೆ ಡಾಕ್ಟರ ಎದುರೇ, "ಇನ್ನೊಂದ್ಸಲ ಕೇಳಿ ಡಾಕ್ಟ್ರೇ, ಮೊದಲ್ನೇದು ಲೆಕ್ಕಕ್ಕಿಲ್ಲ" ಎಂದರು. ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ. ಡಾಕ್ಟರು ನಗಲಿಲ್ಲ. "ಹೌದಮ್ಮ, ಒಂದೇ ಸಲ ನೋಡಿದ್ರೆ ಸಾಲದು. ಔಷಧಿ ಬದಲಾಯಿಸ್ತೀನಿ, ಕೆಲವು ತಿಂಗಳು ಬಿಟ್ಟು ಮತ್ತೆ ನೋಡೋಣ. ಇಳಿದ್ರೆ ಔಷಧಿ ಹಿಡಿದಿದೆ ಅಂತ." ವಾಪಸು ಬರುವ ಬಸ್ಸಿನಲ್ಲೇ ಅತ್ತೆ ಅರ್ಧ ಡಾಕ್ಟರಾಗಿದ್ದರು.

ತಿಂಗಳುಗಳ ಮೇಲೆ ಮತ್ತೆ ಕೊಟ್ಟ ರಕ್ತದ ರಿಪೋರ್ಟು ಒಂದು ಬೆಳಿಗ್ಗೆ ಫೋನಿಗೆ ಬಂತು. ನಾನು ತೆರೆಯದೆ ರವಿಕೆ ಕತ್ತರಿಸುತ್ತ ಕೂತೆ. ಮಧ್ಯಾಹ್ನ ಸುಮ್ಮನಿರಲಾಗದೆ ಅತ್ತೆಯನ್ನು ಕೆಣಕಿದೆ: "ಎಂತ ಅತ್ತೆ, ನನ್ನ ಕಾಲಿನ ವಿಷಯಕ್ಕೆ ಹೂವು ಯಾವ ಕಡೆ ಬಿತ್ತು?"

ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. "ಕೇಳಿಲ್ಲ."

"ದನ ಕರು ಹಾಕೋದಕ್ಕೆಲ್ಲ ಕೇಳ್ತೀರಿ. ಸೊಸೆ ಕಾಲು ಬೇಡವಾ?"

"ಎಡಕ್ಕೆ ಬಿದ್ರೆ ಎಂತ ಮಾಡ್ಲಿ ಮಾರಾಯ್ತಿ? ಹೆದರಿಕೆ ನಂಗೆ."

ನಾನು ಕತ್ತರಿ ಕೆಳಗಿಟ್ಟೆ. ಫೋನು ಅವರ ಮುಂದಿಟ್ಟು, "ರಿಪೋರ್ಟು ಬಂದಿದೆ. ನಾನೂ ಹೆದರಿ ತೆರೆದಿಲ್ಲ" ಎಂದೆ. ಅವರು ಹುಳಿಗೈಯನ್ನು ಸೆರಗಿಗೆ ಒರೆಸಿಕೊಂಡು ಪಕ್ಕಕ್ಕೆ ಬಂದು ಕೂತರು. "ತೆಗಿ. ಒಟ್ಟಿಗೆ ನೋಡಣ."

ನೋಡಿದೆ. ಕಣ್ಣು ತುಂಬಿತು. ಇಂಗ್ಲಿಷ್ ಬಾರದ ಅತ್ತೆ ನನ್ನ ಮುಖವನ್ನೇ ಓದಿಕೊಂಡರು. ನನ್ನ ಬಲಗಾಲನ್ನು ತೊಡೆಯ ಮೇಲೆಳೆದುಕೊಂಡು, "ಅಳಬೇಡ. ಇನ್ನು ಮೆಷಿನ್ ನಾನು ತುಳೀತೀನಿ, ನೀನು ಬಟ್ಟೆ ಹಿಡ್ಕೊಂಡ್ರೆ ಸಾಕು" ಎಂದರು.

"ಇಳಿದಿದೆ ಅತ್ತೆ, ಔಷಧಿ ಹಿಡಿದಿದೆ" ಎಂದೆ, ಕಾಲನ್ನು ಅವರ ತೊಡೆಯಿಂದ ತೆಗೆಯದೆ.