ಕೆಂಚಪ್ಪನ ಕೈಗೆ ಸಿಕ್ಕ ಅವರೆ ಬಳ್ಳಿ

ಕೆಂಗೇರಿಯ ಕಲ್ಲುಭೂಮಿಯಲ್ಲಿ ಬಂಡೆ ಒಡೆದು ಬಾವಿ ತೋಡಿದವನು ಮುದ್ದೇಗೌಡ. ಅವನ ಮಗ ಹುಚ್ಚೇಗೌಡ ಆ ಬಾವಿಯ ನೀರಲ್ಲಿ ಅವರೆ ಬೆಳೆದು, ಕೋಳಿ ಕೂಗುವ ಮೊದಲೇ ಗಾಡಿ ಕಟ್ಟಿ ಪೇಟೆಗೆ ಹೊಡೆದವನು. "ಒಂದು ಹುಳ ತೋರ್ಸು, ಗಾಡೀನೇ ಬಿಟ್ಟು ಹೋಯ್ತೀನಿ" ಅಂತ ಮಂಡಿಯವರಿಗೆ ಸವಾಲು ಹಾಕುತ್ತಿದ್ದನಂತೆ. ಹುಚ್ಚೇಗೌಡನ ಹೆಂಡತಿ ಪಟಾಲಮ್ಮ ಇಬ್ಬನಿ ಆರುವ ಮುನ್ನ ಮೊರದ ತುಂಬ ಒಲೆಬೂದಿ ಹೊತ್ತು ಸಾಲಿಗೆ ಎರಚಿದರೆ, ರಸ ಹೀರುವ ಗಿಡದ ಹೇನು ಕುಡಿಯ ಮೇಲೆ ಕೂರಲು ಹೆದರುತ್ತಿತ್ತು. ಇಂಥವರ ಮೊಮ್ಮಗ ಕೆಂಚಪ್ಪ.

ಕೆಂಚಪ್ಪ ಮಾತ್ರ ಗುದ್ದಲಿ ಹಿಡಿದವನಲ್ಲ. ಹೊಲ ಸೈಟಾಗುವ ಮೊದಲೇ ಬಿನ್ನಿಪೇಟೆಯ ಕಡೆ ಮಿಲ್ಲು ಸೇರಿ ಆಯುಸ್ಸೆಲ್ಲ ನೂಲಿನ ಎಳೆ ನೋಡಿಕೊಂಡೇ ಸವೆಸಿದವನು. ಆದರೂ ಕೆಂಗೇರಿ ಉಪನಗರದ ತನ್ನ ಬೀದಿಯಲ್ಲಿ ಯಾರ ಕುಂಡದಲ್ಲಿ ಎಲೆ ಮುದುಡಿದರೂ ಅವನಿಗೇ ಕರೆ. "ಪಟಾಲಮ್ಮನ ಕೈಲಿ ಬೆಳ್ದೋನು ಕಣಯ್ಯ ನಾನು" ಅಂತ ಮೀಸೆ ನೀವಿಕೊಂಡೇ ಹೋಗುವನು.

ಪಕ್ಕದ ಮನೆಯ ಜಗದಾಂಬಾ ರಾಣೆಬೆನ್ನೂರಿನ ಕಡೆಯವರು. ಅವರಿಗೆ ಸೊಗಡು ಅವರೆಯ ರುಚಿ ಹತ್ತಿದ್ದು ಈ ಊರಿಗೆ ಬಂದ ಮೇಲೆ. ಮನೆಯಲ್ಲೇ ಬೆಳೆದ ಕಾಯಿ ಸುಲಿದು ಹಿತಕಿದ ಬೇಳೆ ಸಾರು ಮಾಡಬೇಕೆಂಬ ಆಸೆಗೆ, ತಾರಸಿಯ ಮೇಲೆ ಹಳೇ ಡ್ರಮ್ಮಿನಲ್ಲಿ ಮೊದಲ ಸಲ ಬೀಜ ಊರಿದ್ದರು. ಬಳ್ಳಿ ಹೂವು ತುಂಬಿಕೊಂಡ ಹೊತ್ತಿಗೇ ಊರಿನಲ್ಲಿ ತಮ್ಮನ ಮದುವೆ ಬಂತು.

"ನೀರಷ್ಟ ಹಾಕ್ರಿ ಅಣ್ಣಾರ. ಬ್ಯಾರೆ ಏನೂ ಮಾಡಬ್ಯಾಡ್ರಿ" ಅಂತ ಕೆಂಚಪ್ಪನ ಕೈಗೆ ತಾರಸಿಯ ಕೀಲಿ ಕೊಟ್ಟು ಹೋದರು.

"ಕೇಳಿಸ್ತಾ? ನೀರಷ್ಟೇ ಅಂತೆ" ಅಂದಳು ಹೆಂಡತಿ ವೆಂಕಟಲಕ್ಷ್ಮಮ್ಮ.

"ಅವರೆ ವಿಷ್ಯ ನಂಗೇ ಹೇಳ್ಕೊಡ್ತಾರಾ?"

ಮಾರನೆಯ ದಿನ ನೀರು ಹಾಕಲು ಹೋದವನ ಕಣ್ಣಿಗೆ ಕುಡಿಯ ಮೇಲೆ ಅಲ್ಲಲ್ಲಿ ಕಪ್ಪು ಹೇನು ಕಂಡಿತು. ಅದರ ನಡುವೆ, ಮೈತುಂಬ ಮುಳ್ಳು, ಬೆನ್ನ ಮೇಲೆ ಕಿತ್ತಳೆ ಚುಕ್ಕೆ, ಮೊಸಳೆ ಮರಿಯನ್ನು ಅಕ್ಕಿಕಾಳಿನಷ್ಟು ಮಾಡಿದಂಥ ಹುಳಗಳು ಹರಿದಾಡುತ್ತಿದ್ದವು. ಇವೇ ಕಳ್ಳರು ಅಂದುಕೊಂಡ. ಎಲೆ ಎಲೆ ಮಗುಚಿ, ಒಂದನ್ನೂ ಬಿಡದೆ ಬೆರಳಲ್ಲಿ ಹಿಸುಕಿದ.

"ಔಷಧಿ ಗಿವುಷ್ದಿ ಇಲ್ಲ. ನನ್ ಕೈಯೇ ಔಷಧಿ" ಅಂತ ಮನೆಗೆ ಬಂದು ಕೊಚ್ಚಿಕೊಂಡ.

"ಯಾವ ಕೈ? ತೋಟದ್ದಾ, ಮಿಲ್ಲಿಂದಾ?" ಅಂದಳು ವೆಂಕಟಲಕ್ಷ್ಮಮ್ಮ.

ಅಲ್ಲಿಂದ ಹೇನು ಹಿಡಿಯುವವರಿಲ್ಲದೆ ಹೆಚ್ಚಿತು. ದಂಟು ಕಾಣದಂತೆ ಕಪ್ಪಗೆ ಮುತ್ತಿ, ಎಲೆಯೆಲ್ಲ ಅಂಟಂಟಾಗಿ, ಇರುವೆ ಸಾಲುಗಟ್ಟಿ, ಹೂವು ಒಣಗಿ ಉದುರತೊಡಗಿತು. ಗ್ಯಾಸಿನ ಮನೆಯಲ್ಲಿ ಬೂದಿ ಎಲ್ಲಿಯದು? ಇಸ್ತ್ರಿಯವನ ಹತ್ತಿರ ಬೇಡಿ ತಂದು ನಡುಮಧ್ಯಾಹ್ನ ಎರಚಿದ. ಇಬ್ಬನಿ ಆರಿದ ಹೊತ್ತು; ಗಾಳಿಗೆ ಹಾರಿ ಅದು ಅವನ ಕಣ್ಣಿಗೇ ಬಿತ್ತು.

ಜಗದಾಂಬಾ ಮದುವೆ ಮುಗಿಸಿ ಬಂದವರೇ ಕೆಂಚಪ್ಪನ ಜೊತೆ ತಾರಸಿ ಹತ್ತಿದರು.

"ಅಣ್ಣಾರ, ಇಲ್ಲಿ ಕರೇ ಮುಳ್ಳಿನ ಹುಳ ಇದ್ವಲ್ರೀ, ಎಲ್ಲಿ ಹೋದ್ವು? ಗುಲಗಂಜಿ ಹುಳದ ಮರಿ ಅವು. ಹೇನು ತಿಂದು ಬಳ್ಳಿ ಕಾಯ್ತಿದ್ವು. ಅದಕ್ಕ ನಾ ಏನೂ ಹೊಡೀದ ಬಿಟ್ಟಿದ್ದೆ."

ಕೆಂಚಪ್ಪ ಹಿಸುಕಿದ ಬೆರಳನ್ನು ಪಂಚೆಗೆ ಒರೆಸಿಕೊಂಡ. "ಗಾಳಿ ಜೋರಿತ್ತು ಕಣಮ್ಮ. ಉದುರಿರ್ಬೇಕು."

"ಹೌದೇನ್ರಿ? ಪಾಪ, ನಿಮಗ ಸುಮ್ನ ತ್ರಾಸ ಕೊಟ್ಟೆ" ಅಂತ ಮದುವೆಯ ಲಾಡು ಕೈಗಿಟ್ಟರು. ಮನೆಗೆ ತಂದ ಲಾಡನ್ನು ಹೆಂಡತಿಯ ಕೈಗೆ ಕೊಟ್ಟು ಹೊರಗೆ ಬಂದ.

ಮೆಟ್ಟಿಲ ಮೇಲೆ ಕೂತವನಿಗೆ ಪಟಾಲಮ್ಮ ನೆನಪಾದಳು. ಬದುವಿನ ಪಕ್ಕದ ಸಾಲಿಗೆ ಅವಳು ಬೂದಿ ಹಾಕುತ್ತಲೇ ಇರಲಿಲ್ಲ. ಅಲ್ಲಿ ಕೆಂಪು ಗುಲಗಂಜಿ ಹುಳಗಳು ಗಿಜಿಗುಡುತ್ತಿದ್ದವು. ಹಿಡಿಯಲು ಹೋದ ಮೊಮ್ಮಗನ ಕೈ ಸರಿಸಿ, "ಅವೂ ಉಣ್ಲಿ ಬಿಡ್ಲಾ" ಅನ್ನುತ್ತಿದ್ದಳು. ಏನನ್ನು ಉಣ್ಣುತ್ತವೆ ಅಂತ ಅವನು ಕೇಳಿರಲೇ ಇಲ್ಲ. ಅಜ್ಜಿಯ ಹೆಸರನ್ನು ಬೀದಿ ತುಂಬ ಹಂಚಿ, ಅವಳು ಸಾಕಿದ್ದನ್ನೇ ಕೊಂದು, ಮೇಲೆ ಸುಳ್ಳನ್ನೂ ಹೇಳಿ ಬಂದಿದ್ದ. ಸಂಜೆ ಯಾರೋ "ಗೌಡ್ರೇ, ನಮ್ ಬದನೆಗೆ ಏನ್ ಹೊಡೀಲಿ?" ಅಂತ ಕೂಗಿದರೆ, ಕೇಳದವನಂತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಬೆಳಿಗ್ಗೆ ತಾನಾಗಿಯೇ ತಾರಸಿ ಹತ್ತಿದ. ಜಗದಾಂಬಾ ಅಂಟುವಾಳದ ನೀರು ಕದಡುತ್ತಿದ್ದರು.

"ಗಾಳಿ ಅಲ್ಲ ಕಣಮ್ಮ. ನಾನೇ ಹಿಸುಕ್ದೆ. ಒಂದೂ ಬಿಡ್ಲಿಲ್ಲ" ಅಂದ, ತಲೆ ಎತ್ತದೆ.

ಅವರ ಕೈ ಬಕೇಟಿನಲ್ಲೇ ನಿಂತಿತು. "ಒಂದು ಫೋನ್ ಮಾಡಿ ಕೇಳಬಹುದಿತ್ತಲ್ರೀ ಅಣ್ಣಾರ" ಅಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆಮೇಲೆ ಒಂದು ಕುಡಿ ಮಗುಚಿ ನೋಡಿ ಅವರೇ ಹೇಳಿದರು: "ಹೋಗ್ಲಿ ಬಿಡ್ರಿ. ಪೂರ್ತಿ ಕೆಟ್ಟ ಕುಡಿ ಚಿವುಟಿ, ಈ ನೀರಾಗ ಅರಿವೆ ಅದ್ದಿ ಎಲಿ ಅಡಿ ಒರೆಸಿದ್ರ ಉಳೀತೈತಿ. ಮತ್ತ ಹೂ ಬಿಟ್ರ ಆ ಹುಳಾನೂ ಬಂದಾವು. ನಿಮಗ ಮೊಣಕಾಲು ನೋವು, ಕೂಡ್ರಿ. ಅರ್ಧ ನಾ ಒರೆಸ್ತೀನಿ."

ಕೆಂಚಪ್ಪ ಅವರ ಕೈಯಿಂದ ಬಟ್ಟೆ ತೆಗೆದುಕೊಂಡು ಅದ್ದಿ ಹಿಂಡಿದ.

"ಬೇಡ ಕಣಮ್ಮ, ನೀವು ಕೆಳಗೆ ಹೋಗಿ. ಹಿಸುಕೋವಾಗ ನಾನು ಯಾರ್ನೂ ಕರೀಲಿಲ್ಲ. ಒರೆಸೋಕೂ ಯಾರೂ ಬೇಡ."