ಮದ್ದೂರಿನಲ್ಲಿ ಬಸ್ಸು ಬದಲಿಸಿದ ಹುಡುಗ

ಕಿರುಗಾವಲಿನ ಮಂಚಮ್ಮನಿಗೆ ಬಸ್ಸಿನಲ್ಲಿ ಕೂತರೂ ಕೂತಂತಾಗಲಿಲ್ಲ. ಸೆರಗಿನ ಗಂಟಿನಲ್ಲಿ ಆಧಾರ್ ಕಾರ್ಡು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡುವಳು, ಕಾಲ ಕೆಳಗಿನ ಚೀಲ ಎಳೆದುಕೊಳ್ಳುವಳು. ಮಳವಳ್ಳಿ ಬಿಟ್ಟಾಗಿನಿಂದ, ಮದ್ದೂರು ಬಂತೇ ಎಂದು ಕಂಡಕ್ಟರನ್ನು ಮೂರು ಸಲ ಕೇಳಿದ್ದಳು. ಪಕ್ಕದಲ್ಲಿ ಹತ್ತು ವರ್ಷದ ಮೊಮ್ಮಗ ಲಿಖಿತ್ ಕಿಟಕಿಗೆ ಹಣೆ ಒತ್ತಿ ತುಟಿ ಬಿಗಿದು ಕೂತಿದ್ದ.

ಮಗ ತೀರಿಕೊಂಡ ವರ್ಷವೇ ಸೊಸೆ ನಯನಳಿಗೆ ರಾಯಚೂರಿನ ಕಡೆ ಟೀಚರ್ ಕೆಲಸ ಸಿಕ್ಕಿತ್ತು. ಅಲ್ಲೊಂದು ಮನೆ ಆಗುವವರೆಗೆ ಹುಡುಗ ಅಜ್ಜಿಯ ಬಳಿ ಇರಲಿ ಎಂದದ್ದು ಒಂದೂವರೆ ವರ್ಷವಾಗಿತ್ತು. ಈಗ ಅವನನ್ನು ಅವಳ ಬಳಿ ಬಿಟ್ಟುಬರಬೇಕು.

ಮದ್ದೂರಿನಲ್ಲಿ ಇಳಿದು, ಬೆಂಗಳೂರು ಬಸ್ಸಿಗೆ ಕಾಯುತ್ತ, ಬಾಟಲಿಗೆ ನೀರು ಹಿಡಿದು ತಿರುಗಿದರೆ ಹುಡುಗನಿಲ್ಲ. ಮಂಚಮ್ಮ ಹೂವಿನವಳನ್ನು ಕೇಳಿದಳು, ಸ್ಟ್ಯಾಂಡನ್ನು ಎರಡು ಸುತ್ತು ಸುತ್ತಿದಳು. ಕೊನೆಗೆ ಮಳವಳ್ಳಿ ಬೋರ್ಡಿನ ಬಸ್ಸೊಂದರ ಹಿಂದಿನ ಸೀಟಿನಲ್ಲಿ ಕಂಡ.

"ಇಳಿಯಲಾ!"

"ಬರಲ್ಲ ಕಣಜ್ಜಿ. ಊರಿಗೋಗಾನ. ಅಮ್ಮಂಗೆ ನಾನ್ ಬ್ಯಾಡ. ಬೇಕಿದ್ರೆ ಫೋನಾದ್ರೂ ಮಾಡ್ತಿರ್ಲಿಲ್ವಾ?"

ಡ್ರೈವರ್ ಹತ್ತಿದ, ಇಂಜಿನ್ ಗುರುಗುಟ್ಟಿತು. ಸುಮ್ಮನೆ ಪಕ್ಕದಲ್ಲಿ ಕೂತುಬಿಟ್ಟರೆ ಸಾಕಿತ್ತು, ಹೊತ್ತು ಮುಳುಗುವ ಮೊದಲೇ ಮನೆ. ಮಂಚಮ್ಮ ಕೂತಳು ಕೂಡ. ಆದರೆ ಬಾಯಿ ತಡೆಯಲಿಲ್ಲ.

"ನಿಮ್ಮವ್ವ ದಿನಾ ಮಾಡೋಳು ಕಣ್ಲಾ. ಮಲ್ಗವ್ನೆ, ಆಡಕ್ಕೋಗವ್ನೆ ಅಂತ ನಾನೇ ಸುಳ್ಳೇಳಿ ಫೋನ್ ಮಡಗ್ಬುಡ್ತಿದ್ದೆ. ನಿಮ್ಮಪ್ಪ ಓಗ್ಬುಟ್ಟ. ನೀನೂ ಓಗ್ಬುಟ್ರೆ ನಂಗ್ಯಾರವ್ರೆ?"

ಲಿಖಿತ್ ಅವಳನ್ನೇ ದಿಟ್ಟಿಸಿದ. ಚೀಲ ಹೆಗಲಿಗೇರಿಸಿ ಅವಳ ಮೊಣಕಾಲು ದಾಟಿ ಇಳಿದ. ಬೆಂಗಳೂರು ಬಸ್ಸಿನಲ್ಲಿ ಎರಡು ಸೀಟು ಮುಂದೆ ಹೋಗಿ ಕೂತವನು ರಾಮನಗರ ದಾಟಿದರೂ ತಿರುಗಲಿಲ್ಲ. ಮಂಚಮ್ಮ ಚಕ್ಕುಲಿಯ ಪೊಟ್ಟಣ ಬಿಚ್ಚಿದಳು, ಕಟ್ಟಿದಳು, ಮತ್ತೆ ಬಿಚ್ಚಿದಳು.

ಮರುದಿನ ಬೆಳಿಗ್ಗೆ ರಾಯಚೂರು ಸ್ಟ್ಯಾಂಡಿನಲ್ಲಿ ನಯನ ಕಾದಿದ್ದಳು. ಹುಡುಗ ಓಡಲಿಲ್ಲ, ನಡೆದು ಹೋಗಿ ಅವಳ ದುಪ್ಪಟ್ಟದ ತುದಿ ಹಿಡಿದುಕೊಂಡ. ಮನೆ ಮುಟ್ಟುವ ಮೊದಲೇ, ಆಟೋದಲ್ಲೇ, ಮಂಚಮ್ಮ ಸೊಸೆಗೂ ಎಲ್ಲ ಹೇಳಿದಳು. ನಯನ ಹುಡುಗನನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಇವ್ನೇ ನನ್ ಮೇಲೆ ಮುನಿಸ್ಕೊಂಡವ್ನೆ ಅಂದ್ಕೊಂಡಿದ್ದೆ ಅತ್ತೆ," ಎಂದಳು.

ನಾಲ್ಕು ದಿನಕ್ಕೆಂದು ಸೀರೆ ತಂದಿದ್ದ ಮಂಚಮ್ಮ ಮರುದಿನವೇ ಹೊರಟಳು. ಅವಳು ಹತ್ತಿ ಕೂತ ಮೇಲೆ ಲಿಖಿತ್ ಕಿಟಕಿಯ ಕೆಳಗೆ ಬಂದು ನಿಂತ.

"ದಸರಾ ರಜಕ್ಕೆ ಬತ್ತೀನಿ. ಅಮ್ಮನೂ ಬತ್ತಾಳೆ."

"ಬರ್ಲಿ," ಎಂದಳು ಮಂಚಮ್ಮ.