ಸೋಮವಾರದ ಬಾವಿಗಳು

ಐವತ್ತರ ದಶಕದ ಕೊನೆಗೆ ನಾನು ಶಿಕಾರಿಪುರದ ಕಚೇರಿಯೊಂದರಲ್ಲಿ ನಕ್ಷೆ ಬರೆಯುತ್ತಿದ್ದೆ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕುಗಳನ್ನು ಕಾಗದದ ಮೇಲೆ ಚೌಕಗಳಾಗಿ ಗೆರೆ ಹೊಡೆದು, ಪ್ರತಿ ಚೌಕದಲ್ಲೂ ಬಾವಿಯ ನೀರು ಎಷ್ಟು ಆಳದಲ್ಲಿದೆಯೆಂದು ಬರೆಯುವುದು ಕೆಲಸ. ಬಾವಿಯೇ ಇಲ್ಲದ ಚೌಕಕ್ಕೆ ಹತ್ತಿರದ ಬಾವಿಯ ಅಂಕಿ ತುಂಬಬೇಕು. ಖಾಲಿ ಚೌಕ ಕಂಡರೆ ನಮ್ಮ ಸಾಹೇಬರಿಗೆ ಊಟ ಸೇರುತ್ತಿರಲಿಲ್ಲ. ನೀರು ತೀರಾ ಆಳವಿರುವ ಊರಿಗೆ ಸರ್ಕಾರ ಬಾವಿ ತೋಡಿಸಿಕೊಡುತ್ತಿತ್ತು. ಮೇಲೆಯೇ ನೀರಿದ್ದರೆ ಊರವರೇ ತೋಡಿಕೊಳ್ಳಲಿ ಎಂಬ ಲೆಕ್ಕ.

ಶಿರಾಳಕೊಪ್ಪದ ಆಚೆ ನನ್ನ ಅಕ್ಕನನ್ನು ಕೊಟ್ಟ ಊರಿಗೆ ಬಾವಿ ಇರಲಿಲ್ಲ. ತುಂಬು ಬಸುರಿ ಅಕ್ಕ ದಿಬ್ಬ ಹತ್ತಿಳಿದು ಪಕ್ಕದೂರಿನ ತೋಟದ ಬಾವಿಯಿಂದ ನೀರು ಹೊರುತ್ತಿದ್ದಳು. ಅವಳು ಉದ್ದಕ್ಕೆ ಹಗ್ಗ ಬಿಟ್ಟು ಸೇದುವುದನ್ನು ನಾನೇ ನೋಡಿದ್ದೆ. ಅವಳ ಚೌಕಕ್ಕೆ ಆ ತೋಟದ ಬಾವಿಯ ಅಂಕಿಯನ್ನೇ ತುಂಬಬೇಕಾಯಿತು. ಅಂಕಿ ನೋಡಿದರೆ ನೀರು ಬಗ್ಗಿ ಮೊಗೆಯುವಷ್ಟು ಮೇಲೆ! ಅಲ್ಲಿ ಎಷ್ಟು ಹಗ್ಗ ಬಿಡಬೇಕೆಂದು ನನಗೆ ಗೊತ್ತಿಲ್ಲವೇ?

ಅಳತೆಗೆ ಹೋಗುತ್ತಿದ್ದವರು ದೂರದ ಪೇಟೆಯವರು. ಬಾವಿಗಳನ್ನು ಯಾವಾಗ ಅಳೆದಿರಿ ಎಂದು ಕೇಳಿದೆ. "ಸೋಮವಾರ ಹೋದ್ರೆ ರೈತರು ಮನೇಲೇ ಸಿಕ್ತಾರ್ರೀ. ಅದಕ್ಕೇ ಆದಷ್ಟು ಅವತ್ತೇ ಹೋಗೋದು" ಎಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತು ಕಟ್ಟಿ ತೋಟಕ್ಕೆ ನೀರೆತ್ತುವ ಕಪಿಲೆಯೂ ನಿಂತಿರುತ್ತದೆ, ಬಾವಿ ತುಂಬಿಕೊಂಡು ಬರುತ್ತದೆ. ಉಳಿದ ದಿನ ತಳ ಕಾಣುವ ಬಾವಿ ಅವತ್ತೊಂದು ದಿನ ಶ್ರೀಮಂತ.

ಅಕ್ಕನ ಊರಿನ ಅಂಕಿ ತಪ್ಪೆಂದು ಸಾಹೇಬರಿಗೆ ಹೇಳಿದೆ.

"ನಿಮ್ಮ ಅಕ್ಕನ ಊರಿಗೊಂದು ಲೆಕ್ಕ, ಬೇರೆಯವರಿಗೊಂದು ಲೆಕ್ಕ ಏನ್ರೀ?" ಎಂದರು.

ನನಗೆ ಮೂಗಿನ ತುದಿಯಲ್ಲೇ ಕೋಪ. "ಹಂಗಾದ್ರೆ ಸೋಮವಾರ ಅಳೆದ ಬಾವಿನೆಲ್ಲ ಇನ್ನೊಂದ್ಸಲ ಅಳೆಸ್ರಿ ಸಾಹೇಬ್ರೆ" ಎಂದುಬಿಟ್ಟೆ.

ಅವರು ನಿಜವಾಗಿಯೂ ಬೇರೆ ದಿನ ಅಳೆಸಿದರು. ತೋಟದ ಬಾವಿಯ ನೀರು ನಾನು ಹೇಳಿದಂತೆಯೇ ಕೆಳಗಿತ್ತು; ಅಕ್ಕನ ಚೌಕ ಆಳದ ಸಾಲಿಗೆ ಸೇರಿತು. ಗೆದ್ದೆ ಎಂದುಕೊಂಡೆ. ಆದರೆ ಸೊರಬದ ಕಡೆಯ ಸೋಮವಾರದ ಬಾವಿಗಳು ಇನ್ನೂ ಕೆಳಗಿಳಿದಿದ್ದವು. ಆ ವರ್ಷ ಮಂಜೂರಾದ ಬಾವಿಗಳೆಲ್ಲ ಅತ್ತಲೇ ಹೋದವು, ಅಕ್ಕನ ಊರಿನ ಸರದಿ ಬರಲಿಲ್ಲ. ಅನ್ಯಾಯ ಎನ್ನಲಾರೆ. ಆದರೂ ತುಂಬಾ ಸಂಕಟವಾಯಿತು.

ಸುದ್ದಿ ಹೇಳಲು ಹೋದಾಗ ಅಕ್ಕ ನೀರಿಗೆ ಹೊರಟಿದ್ದಳು. ಅಂಗಳದಲ್ಲೇ ನಿಂತು ಚೌಕ, ಅಂಕಿ, ಸೋಮವಾರ ಎಲ್ಲ ವಿವರಿಸಿದೆ. ಪೂರ್ತಿ ಕೇಳಿದಳು.

"ಅಂದ್ರೆ ಈ ವರ್ಷ ಬಾವಿ ಇಲ್ಲ?"

"ಇಲ್ಲ ಅಕ್ಕ."

"ಹಂಗಾರೆ ಮಾತು ಸಾಕು. ಆ ಕೊಡ ಎತ್ಕೋ, ನಡಿ."

ಗಂಡಸರು ಕೊಡ ಹೊರುವುದು ನಮ್ಮ ಕಡೆ ಇರಲಿಲ್ಲ. ಜಗಲಿಗಳ ಮೇಲೆ ಕೂತವರೆಲ್ಲ ನೋಡುತ್ತಿದ್ದರು. ನಾನು ಕೊಡವನ್ನು ಹೆಗಲಿಗೇರಿಸಿ ಅವಳ ಹಿಂದೆ ದಿಬ್ಬ ಹತ್ತಿದೆ.